ಬಿಸಿಲೂರಿನ ಮುಖಕ್ಕೆ ಫೌಂಡೇಶನ್: ಲೇಪ ತೆಳುವಾದಷ್ಟೂ ಬಾಳಿಕೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸುದ್ದಿಯೇ ಅಲ್ಲ. ಈ ಭಾಗದಲ್ಲಿ ಮದುವೆಗಳ ಸುಗ್ಗಿಯೂ ಅದೇ ಕಾಲದಲ್ಲಿ. ನಸುಕಿನಲ್ಲಿ ಎದ್ದು ಎರಡು ತಾಸು ಕುಳಿತು ಅಲಂಕಾರ ಮಾಡಿಸಿಕೊಂಡ ವಧು, ಅಕ್ಕಿಕಾಳು ಬೀಳುವ ನಡುಮಧ್ಯಾಹ್ನದ ಹೊತ್ತಿಗೆ ಬೇರೆಯೇ ಆಗಿ ಕಾಣುತ್ತಾಳೆ. ಮೂಗಿನ ಪಕ್ಕದಲ್ಲಿ ಲೇಪ ಬಿರುಕು ಬಿಟ್ಟಿರುತ್ತದೆ, ಬಾಸಿಂಗದ ಕೆಳಗೆ ಬೆವರು ಗೆರೆ ಎಳೆದಿರುತ್ತದೆ, ಮುಖಕ್ಕೊಂದು ಬಣ್ಣ ಕೊರಳಿಗೊಂದು ಬಣ್ಣ ಬಂದಿರುತ್ತದೆ. ದೂರು ಹೋಗುವುದು ಬ್ಯೂಟಿ ಪಾರ್ಲರಿನವರ ಮೇಲೆ, ಇಲ್ಲವೇ ಸೀಸೆಯ ಮೇಲಿನ ಕಂಪನಿಯ ಮೇಲೆ. ಆದರೆ ಬಹುತೇಕ ಪ್ರಸಂಗಗಳಲ್ಲಿ ಮುಖ ಕೆಡಿಸುವುದು ಎರಡು ಹಳೆಯ ನಂಬಿಕೆಗಳು: ದಪ್ಪವಾಗಿ ಬಳಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಒಂದು, ಮೈಬಣ್ಣಕ್ಕಿಂತ ಒಂದು ಛಾಯೆ ಬಿಳುಪಾದದ್ದನ್ನು ಕೊಂಡರೆ ಚೆಂದ ಎಂಬುದು ಇನ್ನೊಂದು.

ಫೌಂಡೇಶನ್ ಎಂಬುದು ಮೂಲತಃ ಬಣ್ಣದ ಹುಡಿಯನ್ನು ದ್ರವದಲ್ಲಿ ಕದಡಿ ಮಾಡಿದ ಲೇಪ. ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಮೈಬಣ್ಣದ ಛಾಯೆಗಳಿಗೆ ಹಳದಿ, ಕೆಂಪು, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡುಗಳು. ಇವನ್ನು ಹೊರುವುದು ನೀರು, ಎಣ್ಣೆ ಅಥವಾ ಸಿಲಿಕೋನ್. ‘ದೀರ್ಘಕಾಲ ಬಾಳುವ’ ಎಂದು ಹೆಸರಿಟ್ಟುಕೊಂಡ ಬಗೆಗಳಲ್ಲಿ ಬೇಗ ಆವಿಯಾಗುವ ಸಿಲಿಕೋನ್ ಇರುತ್ತದೆ. ಅದು ಹಾರಿಹೋದ ಮೇಲೆ ಬಣ್ಣವನ್ನು ಹಿಡಿದಿಡುವ ತೆಳು ಪೊರೆ ಚರ್ಮದ ಮೇಲೆ ಉಳಿಯುತ್ತದೆ. ಬಾಳಿಕೆ ಎಂದರೆ ಈ ಪೊರೆಯ ಬಾಳಿಕೆ. ಪೊರೆ ತೆಳುವಾಗಿದ್ದರೆ ನಕ್ಕಾಗ, ಮಾತನಾಡಿದಾಗ ಚರ್ಮದೊಡನೆ ಬಳುಕುತ್ತದೆ. ದಪ್ಪವಾಗಿದ್ದರೆ ಬಾಯಿಯ ಅಂಚಿನಲ್ಲಿ, ಕಣ್ಣಿನ ಕೆಳಗೆ ಮಡಿಕೆ ಬಿದ್ದು ಒಡೆಯುತ್ತದೆ. ಸುಣ್ಣದ ಗೋಡೆಗೆ ಮೇಲಿಂದ ಮೇಲೆ ಸುಣ್ಣ ಬಳಿದರೆ ಹೊಪ್ಪಳಿಕೆ ಏಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಣ ಸೆಕೆಯ ಲೆಕ್ಕವೇ ಬೇರೆ

ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಬರುವ ಬೇಸಿಗೆಯ ಅಲಂಕಾರ ಸಲಹೆಗಳು ಹೆಚ್ಚಾಗಿ ಮುಂಬೈಯಂತಹ ಕಡಲ ತೀರದ ನಗರಗಳ ಹವೆಯನ್ನು ಕಣ್ಣ ಮುಂದಿಟ್ಟುಕೊಂಡಿರುತ್ತವೆ. ಎಣ್ಣೆಯಂಶ ಬೇಡ, ಮಾಯಿಶ್ಚರೈಸರ್ ಬೇಡ, ಪೌಡರ್ ಧಾರಾಳವಾಗಿರಲಿ ಎಂಬುದು ಅವುಗಳ ಸಾರ. ಮಂಗಳೂರಿನ ಜಿಗುಟು ಸೆಕೆಗೆ ಆ ಮಾತು ಒಪ್ಪೀತು. ಕಲಬುರಗಿ, ರಾಯಚೂರು, ಬೀದರ, ವಿಜಯಪುರಗಳ ಬೇಸಿಗೆ ಒಣ ಬೇಸಿಗೆ. ಇಲ್ಲಿ ಬೆವರು ಹರಿಯುವುದಕ್ಕಿಂತ ಮುಂಚೆಯೇ ಆರಿಹೋಗುತ್ತದೆ. ಬಿಸಿಗಾಳಿ ಚರ್ಮದ ನೀರನ್ನು ಹೀರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಹಚ್ಚಿ ಮುಖ ತೊಳೆಯುವವರಿಗಂತೂ ಚರ್ಮ ಮೊದಲೇ ಬಿಗಿದುಕೊಂಡಿರುತ್ತದೆ. ಇಂತಹ ಚರ್ಮದ ಮೇಲೆ ಲೇಪ ಹಾಕಿದರೆ ಅದರೊಳಗಿನ ತೇವವನ್ನು ಚರ್ಮವೇ ಹೀರಿಕೊಂಡು, ಬಣ್ಣದ ಹುಡಿ ಮಾತ್ರ ಮೇಲೆ ಉಳಿಯುತ್ತದೆ. ಅದರ ಮೇಲೆ ಪೌಡರ್ ಸುರಿದರೆ ಮುಖ ಹಿಟ್ಟು ಮೆತ್ತಿದಂತಾಗುವುದು ಸಹಜ.

ಆದ್ದರಿಂದ ಈ ಭಾಗದಲ್ಲಿ ಕೆಲಸ ಶುರುವಾಗುವುದು ಮಾಯಿಶ್ಚರೈಸರಿನಿಂದ. ಮೃದುವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಪೂರ್ತಿ ಒಣಗಿಸದೆ, ಇನ್ನೂ ತುಸು ತೇವವಿರುವಾಗಲೇ ಗ್ಲಿಸರಿನ್ ಅಂಶವುಳ್ಳ ಹಗುರ ಮಾಯಿಶ್ಚರೈಸರ್ ಹಚ್ಚಬೇಕು. ಅದು ಇಂಗಲು ಐದು ನಿಮಿಷ ಬಿಟ್ಟು ಸನ್‌ಸ್ಕ್ರೀನ್, ಮತ್ತೆ ಐದು ನಿಮಿಷ ವಿರಾಮ. ಫೌಂಡೇಶನ್ ಸೀಸೆಯ ಮೇಲೆಯೇ ಎಸ್‌ಪಿಎಫ್ 15 ಎಂದು ಬರೆದಿದೆಯಲ್ಲ, ಪ್ರತ್ಯೇಕ ಸನ್‌ಸ್ಕ್ರೀನ್ ಏಕೆ ಎಂಬ ಪ್ರಶ್ನೆ ಸಾಮಾನ್ಯ. ಪ್ರಯೋಗಾಲಯದಲ್ಲಿ ಆ ಅಂಕಿಯನ್ನು ನಿರ್ಧರಿಸುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಅಷ್ಟು ಫೌಂಡೇಶನ್ನನ್ನು ಯಾರೂ ಹಚ್ಚುವುದಿಲ್ಲ, ಹಚ್ಚಲೂಬಾರದು.

ಈ ಹತ್ತು ನಿಮಿಷದ ಕಾಯುವಿಕೆಯನ್ನು ಗಡಿಬಿಡಿಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಕೆಳಗಿನ ಪದರ ಹಸಿಯಾಗಿದ್ದಾಗ ಮೇಲಿನದನ್ನು ಹಚ್ಚಿದರೆ ಎರಡೂ ಉರುಳಿಕೊಂಡು ಸಣ್ಣ ಸಣ್ಣ ಎಳೆಗಳಾಗಿ ಬೆರಳಿಗೆ ಬರುತ್ತವೆ. ಪ್ರೈಮರ್ ಬಳಸುವುದಿದ್ದರೆ ಅದರ ಜಾತಿಯೂ ಫೌಂಡೇಶನ್ನಿನ ಜಾತಿಯೂ ಹೊಂದಬೇಕು. ಸಿಲಿಕೋನಿನ ಮೇಲೆ ಸಿಲಿಕೋನ್, ನೀರಿನ ಮೇಲೆ ನೀರು. ಹೊಂದದಿದ್ದಾಗಲೂ ಇದೇ ಎಳೆ ಏಳುವ ತೊಂದರೆ. ಚರ್ಮ ಚೆನ್ನಾಗಿ ಸಿದ್ಧವಾಗಿದ್ದರೆ ಪ್ರೈಮರ್ ಇಲ್ಲದೆಯೂ ನಡೆಯುತ್ತದೆ.

ಅಂಗಡಿಯ ದೀಪ, ಬೀದಿಯ ಬೆಳಕು

ಛಾಯೆಯ ಆಯ್ಕೆಯಲ್ಲಿ ಆಗುವ ತಪ್ಪನ್ನು ಯಾವ ಕೈಚಳಕವೂ ಮುಚ್ಚಲಾರದು. ರೈಲು ನಿಲ್ದಾಣದ ಮಗ್ಗುಲಿನ ಸ್ಟೇಶನ್ ಬಜಾರಕ್ಕೆ ಸಾಮಾನು ಕೊಳ್ಳಲು ಹೋದವರು ಅಂಗಡಿಯ ಬಿಳಿ ದೀಪದ ಕೆಳಗೆ, ಅಂಗೈ ಹಿಂಬದಿಗೆ ಒಂದು ಗೆರೆ ಎಳೆದು ನೋಡಿ ಸೀಸೆ ತೆಗೆದುಕೊಂಡು ಬಂದರೆ ಮುಕ್ಕಾಲು ಪಾಲು ಮೋಸವಾಗುತ್ತದೆ. ಕೈಯ ಬಣ್ಣ ಬೇರೆ, ಮುಖದ್ದು ಬೇರೆ. ಗೆರೆ ಎಳೆಯಬೇಕಾದದ್ದು ದವಡೆಯ ಅಂಚಿನಲ್ಲಿ, ಮುಖವೂ ಕೊರಳೂ ಕೂಡುವಲ್ಲಿ. ಎರಡು ಮೂರು ಛಾಯೆಗಳನ್ನು ಅಕ್ಕಪಕ್ಕದಲ್ಲಿ ಹಚ್ಚಿಕೊಂಡು, ಸಣ್ಣ ಕನ್ನಡಿ ಹಿಡಿದು ಅಂಗಡಿಯ ಹೊರಗೆ ಹಗಲ ಬೆಳಕಿಗೆ ಬಂದು ನೋಡಬೇಕು. ಯಾವ ಗೆರೆ ಕಣ್ಣಿಗೆ ಕಾಣದೆ ಚರ್ಮದಲ್ಲಿ ಸೇರಿಹೋಗಿದೆಯೋ ಅದೇ ಸರಿಯಾದ ಛಾಯೆ. ನಾಲ್ಕು ಜನ ನೋಡುತ್ತಾರೆ ಎಂಬ ಸಂಕೋಚಕ್ಕಿಂತ ನೂರಾರು ರೂಪಾಯಿ ತೆತ್ತು ಬೂದಿ ಬಣ್ಣದ ಮುಖ ಮಾಡಿಕೊಳ್ಳುವುದು ದುಬಾರಿ.

ಹಚ್ಚಿದ ತಕ್ಷಣ ತೀರ್ಮಾನಿಸುವುದೂ ಸಲ್ಲದು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಬಣ್ಣ ತುಸು ಗಾಢವಾಗುತ್ತದೆ. ಇದನ್ನು ‘ಆಕ್ಸಿಡೈಸ್ ಆಗುವುದು’ ಎಂದು ಕರೆಯುವ ರೂಢಿಯಿದೆ. ಕಬ್ಬಿಣದ ಆಕ್ಸೈಡು ಮೊದಲೇ ಆಕ್ಸೈಡು. ಮುಖ್ಯವಾಗಿ ನಡೆಯುವುದು ಇಷ್ಟೇ: ದ್ರವ ಆವಿಯಾಗುತ್ತದೆ, ಚರ್ಮದ ಜಿಡ್ಡು ಹುಡಿಯನ್ನು ನೆನೆಸುತ್ತದೆ, ಒದ್ದೆಯಾದ ಮಣ್ಣು ಕಪ್ಪಾಗಿ ಕಾಣುವಂತೆ ಬಣ್ಣವೂ ಕಾಣುತ್ತದೆ.

ಭಾರತೀಯರ ಚರ್ಮದಲ್ಲಿ ಹೆಚ್ಚಾಗಿ ಹಳದಿ ಅಥವಾ ಹೊಂಬಣ್ಣದ ಒಳಛಾಯೆ ಇರುತ್ತದೆ. ಗುಲಾಬಿ ಛಾಯೆಯ ಫೌಂಡೇಶನ್ ಇಂತಹ ಚರ್ಮದ ಮೇಲೆ ಬೂದಿಯಂತೆ ಕಾಣುವುದು ಇದರಿಂದ. ಕಂದು, ಕಪ್ಪು ಮೈಬಣ್ಣದವರಿಗೆ ಹೊಂದುವ ಛಾಯೆಗಳೇ ಬಹುಕಾಲ ಮಾರುಕಟ್ಟೆಯಲ್ಲಿ ವಿರಳವಾಗಿದ್ದವು. 2017ರಲ್ಲಿ ಗಾಯಕಿ ರಿಹಾನಾ ಆರಂಭಿಸಿದ ಫೆಂಟಿ ಬ್ಯೂಟಿ ಒಮ್ಮೆಗೇ 40 ಛಾಯೆಗಳನ್ನು ಹೊರತಂದ ಮೇಲೆ ಉಳಿದ ಕಂಪನಿಗಳೂ ಸಾಲು ಹಿಗ್ಗಿಸಬೇಕಾಯಿತು. ಸರಿಯಾದ ಛಾಯೆ ಒಂದೇ ಸೀಸೆಯಲ್ಲಿ ಸಿಗದಿದ್ದರೆ ಎರಡನ್ನು ಬೆರೆಸಿಕೊಳ್ಳುವುದು ಪ್ರಸಾಧನ ಕಲಾವಿದರ ಹಳೆಯ ಉಪಾಯ. ಒಂದೇ ಕಂಪನಿಯ, ಒಂದೇ ಬಗೆಯ ಎರಡು ಸೀಸೆಗಳಾದರೆ ಮಿಶ್ರಣ ಒಡೆಯುವುದಿಲ್ಲ.

ವಧುವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅರಿಶಿಣ ಹಚ್ಚುವ ಶಾಸ್ತ್ರದ ಮರುದಿನ ಮುಖ, ಕೊರಳುಗಳಲ್ಲಿ ಹಳದಿ ಉಳಿದಿರುತ್ತದೆ. ವಾರದ ಹಿಂದೆ ಪರೀಕ್ಷಿಸಿ ಗೊತ್ತುಮಾಡಿದ ಛಾಯೆ ಅಂದು ಹೊಂದದೆ ಹೋಗಬಹುದು. ಅರಿಶಿಣವನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ತೆಗೆಯಬೇಕು, ಉಜ್ಜಿ ತೆಗೆಯಬಾರದು. ಉಜ್ಜಿದ ಚರ್ಮ ಕೆಂಪಾಗಿ, ಅದನ್ನು ಮುಚ್ಚಲು ಇನ್ನಷ್ಟು ಲೇಪ ಬೇಕಾಗುತ್ತದೆ.

ತೊಗರಿ ಕಾಳಿನ ಅಳತೆ

ಇಡೀ ಮುಖಕ್ಕೆ ಎಷ್ಟು ಬೇಕು? ಮೊದಲ ಪದರಕ್ಕೆ ತೊಗರಿ ಕಾಳಿನ ಗಾತ್ರದ ನಾಲ್ಕೈದು ಹನಿ ಸಾಕು. ಲೇಪವನ್ನು ಮೂಗಿನ ಇಕ್ಕೆಲದಿಂದ ಆರಂಭಿಸಿ ಹೊರಗಡೆಗೆ ಹರಡುತ್ತ, ಕೂದಲ ಅಂಚಿಗೆ ಹೋಗುವಷ್ಟರಲ್ಲಿ ಏನೂ ಉಳಿಯದಂತೆ ಮಾಡಬೇಕು. ಕಲೆ, ಕೆಂಪು ಇರುವುದು ಸಾಮಾನ್ಯವಾಗಿ ಮುಖದ ನಡುಭಾಗದಲ್ಲಿ. ಅಂಚುಗಳಿಗೆ ಬಣ್ಣ ಬೇಕಿಲ್ಲ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ತಟ್ಟಿ ತಟ್ಟಿ ಕೂಡಿಸಿದರೆ ಹೆಚ್ಚಾದ ಲೇಪವನ್ನು ಸ್ಪಂಜೇ ಎತ್ತಿಕೊಳ್ಳುತ್ತದೆ. ಎಳೆದರೆ ಪಟ್ಟೆ ಬೀಳುತ್ತದೆ. ಇಷ್ಟಾದ ಮೇಲೂ ಕಲೆ ಕಂಡರೆ ಆ ಜಾಗಕ್ಕಷ್ಟೇ ಎರಡನೆಯ ತೆಳು ಪದರ, ಇಲ್ಲವೇ ಕನ್ಸೀಲರ್. ಒಂದು ಮೊಡವೆಯ ಗುರುತಿಗಾಗಿ ಇಡೀ ಮುಖವನ್ನು ಮತ್ತೊಮ್ಮೆ ಬಳಿಯುವ ಅಭ್ಯಾಸವೇ ಮುಖವಾಡದ ಮೂಲ. ಚರ್ಮದ ಸಹಜ ಹೊಳಪು, ಒಂದೆರಡು ಮಚ್ಚೆ ಅಲ್ಲಲ್ಲಿ ಕಾಣುತ್ತಿದ್ದರೆ ಮಾತ್ರ ಮುಖ ಮುಖವಾಗಿ ಉಳಿಯುತ್ತದೆ. ಕಿವಿ, ಕೊರಳ ಮೇಲ್ಭಾಗಗಳಿಗೆ ಸ್ಪಂಜಿನಲ್ಲಿ ಉಳಿದದ್ದೇ ಸಾಕು.

ಪೌಡರ್ ಹಣೆ, ಮೂಗು, ಗಲ್ಲಕ್ಕೆ ಮಾತ್ರ, ಅದೂ ಒತ್ತಿ. ಕೆನ್ನೆಗೆ, ಕಣ್ಣಿನ ಕೆಳಗೆ ಈ ಹವೆಯಲ್ಲಿ ಪೌಡರ್ ಕಡಿಮೆಯಾದಷ್ಟೂ ಕ್ಷೇಮ. ಬಾಸಿಂಗ ಕಟ್ಟುವ ಹಣೆಯಲ್ಲಿ ಫೌಂಡೇಶನ್ ಅತಿ ತೆಳುವಾಗಿರಲಿ, ತಿಕ್ಕಾಟಕ್ಕೆ ಮೊದಲು ಸಿಗುವುದು ಅದೇ. ಕೊನೆಗೆ ಸೆಟ್ಟಿಂಗ್ ಸ್ಪ್ರೇ ಸಿಂಪಡಿಸಿ ತಾನಾಗಿ ಆರಲು ಬಿಟ್ಟರೆ ಪದರಗಳು ಒಂದಾಗುತ್ತವೆ. ಸಿಲಿಕಾ ತುಂಬಿದ ಬಿಳಿ ಪೌಡರ್ ಕ್ಯಾಮೆರಾದ ಫ್ಲ್ಯಾಶಿಗೆ ಬಿಳಿಯ ಮಚ್ಚೆಯಾಗಿ ಹೊಳೆಯುತ್ತದೆ. ಅಲಂಕಾರದ ದಿನಕ್ಕೆ ಮುಂಚೆ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ನೋಡಿದರೆ ಆಲ್ಬಮ್ಮಿನಲ್ಲಿ ಪಶ್ಚಾತ್ತಾಪ ತಪ್ಪುತ್ತದೆ. ವರನ ಮುಖಕ್ಕೂ ಈಗ ತುಸು ಫೌಂಡೇಶನ್ ಬೀಳುವ ಕಾಲ. ನಿಯಮಗಳು ಅವನಿಗೂ ಇವೇ.

ಕಲಬುರಗಿಯಲ್ಲಿ ಅಲಂಕಾರ ಮುಗಿಸಿ 30 ಕಿ.ಮೀ.ಗೂ ಹೆಚ್ಚು ದೂರದ ಕಮಲಾಪುರದ ಮದುವೆಗೆ ವಾಹನದಲ್ಲಿ ಹೊರಡುವವರು ಕೈಚೀಲದಲ್ಲಿ ಇಟ್ಟುಕೊಳ್ಳಬೇಕಾದದ್ದು ಫೌಂಡೇಶನ್ನಿನ ಸೀಸೆಯನ್ನಲ್ಲ, ನಾಲ್ಕು ಟಿಶ್ಯೂ ಕಾಗದಗಳನ್ನು. ಕಿಟಕಿ ತೆರೆದರೆ ಧೂಳು ಹಸಿ ಪೊರೆಗೆ ಅಂಟುತ್ತದೆ. ಬೆವರು ಕಂಡಾಗ ಕಾಗದವನ್ನು ಒತ್ತಿ ಹೀರಿಸಬೇಕು, ಕರವಸ್ತ್ರದಿಂದ ಒರೆಸಬಾರದು. ಬೆವರನ್ನು ಹೀರಿಸದೆ ಅದರ ಮೇಲೆಯೇ ಪೌಡರ್ ಹಾಕಿದರೆ ಕೆಸರಾಗುತ್ತದೆ. ಅಲಂಕಾರ ಮುಗಿದ ಕೂಡಲೇ ಹೊರಡದೆ, ಫ್ಯಾನಿನ ಕೆಳಗೆ ಹತ್ತು ನಿಮಿಷ ಕುಳಿತು ಪೊರೆ ಗಟ್ಟಿಯಾದ ಮೇಲೆ ಹೊರಡುವುದು ಮೇಲು.

ಬಾಳಿಕೆಯ ವಿದ್ಯೆ ಹೊಸದೇನಲ್ಲ. ಕರಾವಳಿಯ ಯಕ್ಷಗಾನ ಕಲಾವಿದರು ಚೌಕಿಯಲ್ಲಿ ಕುಳಿತು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಹಚ್ಚಿ, ಮೇಲೆ ಪೌಡರ್ ಒತ್ತಿ, ಬೆಳಗಿನವರೆಗೆ ಕುಣಿದವರು. ಜಿಡ್ಡಿನ ಮೇಲೆ ಹುಡಿ ಎಂಬ ತತ್ತ್ವ ಅಲ್ಲಿಯೂ ಇದೆ. ಅಲ್ಲಿ ಹಿಂದೆ ಬಳಕೆಯಾಗುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇತ್ತೆಂಬುದು ಬೇರೆ ಮಾತು. ಹಾಲಿವುಡ್ಡಿನಲ್ಲಿ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ಸಿನಿಮಾಕ್ಕೆಂದೇ ಹಗುರವಾದ ಬಣ್ಣ ತಯಾರಿಸಿದ್ದಕ್ಕೂ ಕಾರಣ ನಾಟಕದ ದಪ್ಪ ಬಣ್ಣ ಕ್ಯಾಮೆರಾದ ಮುಂದೆ ಬಿರುಕು ಬಿಡುತ್ತಿದ್ದುದೇ. 1930ರ ದಶಕದ ಕೊನೆಯಲ್ಲಿ ಅವನ ಪ್ಯಾನ್‌ಕೇಕ್ ತೆರೆಯಿಂದ ಮನೆಯ ಕನ್ನಡಿಯ ಮುಂದಕ್ಕೆ ಬಂದಿತು.

ಲೇಪದ ಕೆಳಗಿನ ಅಪಾಯ

ಪಾದರಸ ಹಳೆಯ ಕಥೆಯಾಗಿ ಮುಗಿದಿಲ್ಲ. ಮದುವೆ ನಿಶ್ಚಯವಾದ ಮನೆಗಳಲ್ಲಿ ಹುಡುಗಿಗೆ ಬಿಳುಪಿನ ಕ್ರೀಮು ಹಚ್ಚಿಸುವ ಆತುರ ಈಗಲೂ ಇದೆ. ಫೌಂಡೇಶನ್ನಿನ ಕೆಳಗೆ ಅದನ್ನೇ ನಿತ್ಯ ಹಚ್ಚುವವರೂ ಇದ್ದಾರೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಕಂಡ ಮೂತ್ರಪಿಂಡ ರೋಗಿಗಳಲ್ಲಿ ಇಂತಹ ಕ್ರೀಮುಗಳ ಬಳಕೆಯೂ ಪಾದರಸವೂ ಪತ್ತೆಯಾಗಿ ದೇಶದಾದ್ಯಂತ ಚರ್ಚೆಯಾಯಿತು. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಉದ್ದೇಶಪೂರ್ವಕವಲ್ಲದೆ ಸೇರಿರಬಹುದಾದ ಪಾದರಸದ ಮಿತಿ ಹತ್ತು ಲಕ್ಷದಲ್ಲಿ 1 ಭಾಗ. ಇನ್ನು ಕೆಲವು ‘ಬಿಳುಪು’ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಂಡು, ಬಳಿಕ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆಗಳೇಳುತ್ತವೆ. ಅಂತಹ ಚರ್ಮದ ಮೇಲೆ ಎಷ್ಟೇ ಬೆಲೆಯ ಫೌಂಡೇಶನ್ ಕೂಡ ಸಮನಾಗಿ ಕೂರದು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು. ವಧುವನ್ನು ನೋಡಲು ಬಂದವರ ಕಣ್ಣು ಅಷ್ಟು ಬೇಗ ಬದಲಾಗಿಲ್ಲ.

ಕೊಳ್ಳುವಾಗ ಸೀಸೆಯ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವೆಯೇ ಎಂದು ನೋಡಬೇಕು. ಆಮದು ಸರಕಾದರೆ ಆಮದುದಾರರ ವಿವರ, ನೋಂದಣಿ ಸಂಖ್ಯೆ ಇರಲೇಬೇಕು. ಹೆಸರಾಂತ ಕಂಪನಿಯ ಸೀಸೆ ಅರ್ಧ ಬೆಲೆಗೆ ಸಿಗುತ್ತಿದೆ ಎಂದರೆ ಅನುಮಾನಕ್ಕೆ ಅಷ್ಟೇ ಸಾಕು. ಹೊಸದನ್ನು ಮುಖಕ್ಕೆ ತರುವ ಮುಂಚೆ ಕಿವಿಯ ಹಿಂದೆ ಹಚ್ಚಿ ಒಂದೆರಡು ದಿನ ತುರಿಕೆ, ದದ್ದು ಏಳುವುದೇ ಎಂದು ನೋಡುವುದು ಅಗತ್ಯ. ಮದುವೆಯ ದಿನವೇ ಹೊಸ ಸೀಸೆ ತೆರೆಯುವಂತಿಲ್ಲ. ತೆರೆದ ಮುಚ್ಚಳದ ಚಿತ್ರದೊಳಗೆ 12 ಎಂಬ ಅಂಕಿ ಇದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದೆಂದು ಅರ್ಥ. ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಕಿಟಕಿಯಲ್ಲೋ ನಿಂತ ಕಾರಿನಲ್ಲೋ ಇಟ್ಟರೆ ಆ ಲೆಕ್ಕವೂ ಸುಳ್ಳಾಗುತ್ತದೆ. ಎಣ್ಣೆ ಮೇಲೆ ತೇಲಿದ, ಕುಲುಕಿದರೂ ಕೂಡದ, ವಾಸನೆ ಬದಲಾದ ಫೌಂಡೇಶನ್ನನ್ನು ಚೆಲ್ಲುವುದೇ ಸರಿ.

ರಾತ್ರಿ ಮಲಗುವ ಮುನ್ನ ಅದನ್ನು ತೆಗೆಯುವಾಗಲೂ ನೀರು, ಸೋಪಿನ ಅವಸರ ಬೇಡ. ದೀರ್ಘಕಾಲ ಬಾಳುವ ಪೊರೆ ಬರಿಯ ನೀರಿಗೆ ಬಿಡುವುದಿಲ್ಲ. ಕ್ಲೆನ್ಸಿಂಗ್ ಬಾಮ್ ಅಥವಾ ಯಾವುದಾದರೂ ಹಗುರ ಎಣ್ಣೆಯನ್ನು ಒಣ ಮುಖಕ್ಕೆ ಹಚ್ಚಿ, ಒಂದು ನಿಮಿಷ ಬೆರಳಿನಿಂದ ಮೆಲ್ಲಗೆ ಆಡಿಸಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆದ ಮೇಲೆ ಫೇಸ್‌ವಾಶ್. ಮೊಡವೆ ಏಳುವ ಚರ್ಮದವರು ಎಣ್ಣೆಯ ಬದಲು ಮೈಸೆಲ್ಲರ್ ನೀರನ್ನು ಹತ್ತಿಯಲ್ಲಿ ಬಳಸಬಹುದು. ಗಡಸು ನೀರಿನ ಮನೆಯವರು ಕೊನೆಯ ಎರಡು ಬೊಗಸೆಗಾದರೂ ಕುಡಿಯುವ ನೀರನ್ನು ಉಪಯೋಗಿಸಿ, ಕೂಡಲೇ ಮಾಯಿಶ್ಚರೈಸರ್ ಹಚ್ಚಿಕೊಂಡರೆ ಮರುದಿನದ ಆರತಕ್ಷತೆಗೆ ಚರ್ಮ ಸಿದ್ಧವಿರುತ್ತದೆ.