ಹೊಸ ಸಾಧನ ಬಂತು, ಕಂಪ್ಯೂಟರ್ ಗುರುತಿಸಿತೆ?

ಪ್ರಾಜೆಕ್ಟ್ ವರದಿಯನ್ನು ನಾಳೆಯೇ ಒಪ್ಪಿಸಬೇಕು. ಅದು ಇರುವ ಪೆನ್ ಡ್ರೈವ್ ಸಿಕ್ಕಿಸಿದರೆ ಕಂಪ್ಯೂಟರ್ ಸುಮ್ಮನಿದೆ. ‘ಒಂದು ಸಲ ಆಫ್ ಮಾಡಿ ಆನ್ ಮಾಡು’ ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಈ ಸಲಹೆ ಹಳೆಯ ಕಾಲದ್ದು; ಆಗ ಅದು ಸರಿಯೂ ಆಗಿತ್ತು.

ಮೊದಲೆಲ್ಲ ಕಂಪ್ಯೂಟರ್ ತನಗೆ ಜೋಡಿಸಿದ ಹಲವು ಸಾಧನಗಳನ್ನು ಲೆಕ್ಕ ಹಾಕುತ್ತಿದ್ದುದು ಚಾಲೂ ಆಗುವಾಗ ಮಾತ್ರ. ಮೇಷ್ಟ್ರು ಬೆಳಿಗ್ಗೆ ಹಾಜರಿ ಕರೆದು ಪುಸ್ತಕ ಮುಚ್ಚಿದ ಹಾಗೆ! ತಡವಾಗಿ ಬಂದವನು ಮುಂದಿನ ಹಾಜರಿಯವರೆಗೆ ಕಾಯಬೇಕು. 1996ರಲ್ಲಿ ಬಂದ ಯುಎಸ್‌ಬಿ ಈ ಪದ್ಧತಿಯನ್ನು ಬದಲಿಸಿತು. ಹಲವು ಕಂಪನಿಗಳು ಕೂಡಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಇಂಟೆಲ್‌ನ ಅಜಯ್ ಭಟ್ ಅವರ ಪಾತ್ರ ದೊಡ್ಡದು. ಅವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು.

ಗುರುತು ಹತ್ತುವುದು ಹೇಗೆ?

ಪೆನ್ ಡ್ರೈವಿನ ಚೌಕನೆಯ ಮೂತಿಯೊಳಗೆ ಇಣುಕಿ ನೋಡಿ. ಹೊರಗಿನ ಸಾಲಿನ ನಾಲ್ಕು ಲೋಹದ ಪಟ್ಟಿಗಳಲ್ಲಿ ಅಂಚಿನ ಎರಡು ತುಸು ಉದ್ದವಾಗಿವೆ. ಅವು ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ಹೀಗಾಗಿ ಸಾಧನಕ್ಕೆ ಮೊದಲು ವಿದ್ಯುತ್ ಸಿಗುತ್ತದೆ, ಅನಂತರ ಮಾಹಿತಿಯ ದಾರಿ ಕೂಡುತ್ತದೆ. ಸಾಧನದೊಳಗಿನ ಒಂದು ರೋಧಕವು ಮಾಹಿತಿಯ ತಂತಿಯೊಂದರ ವೋಲ್ಟೇಜನ್ನು ಏರಿಸುತ್ತದೆ. ‘ಯಾರೋ ಬಂದರು’ ಎಂದು ಕಂಪ್ಯೂಟರಿಗೆ ತಿಳಿಯುವುದು ಆಗಲೇ. ಅದು ಹೊಸಬನಿಗೆ 1ರಿಂದ 127ರೊಳಗಿನ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಟ್ಟು, ‘ನಿನ್ನ ತಯಾರಕರು ಯಾರು? ನೀನು ಯಾವ ಬಗೆಯವನು?’ ಎಂದು ವಿಚಾರಿಸುತ್ತದೆ. ಉತ್ತರಕ್ಕೆ ತಕ್ಕ ಡ್ರೈವರ್ ತಂತ್ರಾಂಶವನ್ನು ಹುಡುಕಿ ಕೆಲಸಕ್ಕೆ ಹಚ್ಚುತ್ತದೆ.

ಹೊಸದರಲ್ಲಿ ಎಡವಿದ್ದೂ ಉಂಟು. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಸಮ್ಮುಖದಲ್ಲೇ ನಡೆದ ವಿಂಡೋಸ್ 98ರ ಪ್ರದರ್ಶನದಲ್ಲಿ, ಸ್ಕ್ಯಾನರ್ ಸಿಕ್ಕಿಸಿದಾಗ ತೆರೆ ನೀಲಿಯಾಗಿ ಕಂಪ್ಯೂಟರ್ ನಿಂತೇಬಿಟ್ಟಿತು!

ಸುಮ್ಮನಿದ್ದರೆ ಏನು ಮಾಡಬೇಕು?

ಮೊದಲು ಬೇರೆ ಕಿಂಡಿಗೆ ಸಿಕ್ಕಿಸಿ. ನಡುವೆ ಹಬ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಜೋಡಿಸಿ. ಪ್ರಿಂಟರ್ ಅಥವಾ ಫೋನ್ ಆದರೆ ಕೇಬಲ್ ಬದಲಿಸಿ. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್‌ಗೆ ಬೇಕಾದ ತಂತಿಗಳಷ್ಟೇ ಇರುತ್ತವೆ. ಆಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ‘ಆ್ಯಕ್ಷನ್’ ಪಟ್ಟಿಯಲ್ಲಿ ‘ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್’ ಒತ್ತಿ. ಇದು ಇನ್ನೊಮ್ಮೆ ಹಾಜರಿ ಕರೆದಂತೆ. ಸಾಧನದ ಹೆಸರಿನ ಪಕ್ಕ ಹಳದಿ ಚಿಹ್ನೆ ಕಂಡರೆ ಸಾಧನ ಸಿಕ್ಕಿದೆ, ಆದರೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಡ್ರೈವರ್ ಸರಿಯಿದೆಯೇ ನೋಡಿ. ಆಫ್ ಮಾಡಿ ಆನ್ ಮಾಡುವುದು ಕೊನೆಯ ಉಪಾಯವಾಗಿರಲಿ. ಅದಕ್ಕೂ ಮುಂಚೆ ತೆರೆದಿಟ್ಟ ಬರಹವನ್ನೆಲ್ಲ ಸೇವ್ ಮಾಡಿ.

ಹೆತ್ತವರಿಗೊಂದು ಕಿವಿಮಾತು: ‘ಫಾರ್ಮ್ಯಾಟ್ ಮಾಡಬೇಕು’ ಎಂದು ತೆರೆಯ ಮೇಲೆ ಬಂದರೆ ಅವಸರದಲ್ಲಿ ಒಪ್ಪಬೇಡಿ. ಕಂಪ್ಯೂಟರ್ ಪೆನ್ ಡ್ರೈವನ್ನು ಕಂಡಿದೆ, ಒಳಗಿನ ಕಡತಗಳನ್ನು ಓದಲಾರದೆ ಹೀಗೆ ಕೇಳುತ್ತಿದೆ. ಒಪ್ಪಿದರೆ ಮಕ್ಕಳ ತಿಂಗಳ ಶ್ರಮ ಕೈತಪ್ಪೀತು. ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಮಕ್ಕಳೇ, ಪೆನ್ ಡ್ರೈವನ್ನು ‘ಇಜೆಕ್ಟ್’ ಒತ್ತಿಯೇ ಕೀಳಿ. ವರದಿಯ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.