ಬಣ್ಣ ಮತ್ತು ವ್ಯಾಯಾಮ

ಬಣ್ಣವಾಗಲಿ ವ್ಯಾಯಾಮವಾಗಲಿ ಎಲ್ಲರಿಗೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಇದನ್ನು ಅರಿಯಲು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹಳಿಯಾಳ ತಾಲೂಕುಗಳನ್ನು ನೋಡಿದರೆ ಸಾಕು.

ಮುಂಡಗೋಡ ತಾಲೂಕಿನ ಇಂದೂರಿನಂತಹ ಹಳ್ಳಿಯ ರೈತನಿಗೆ ಹಸಿರು ಬೆಳೆಯ ಭರವಸೆ, ಹೊಂಬಣ್ಣ ಸುಗ್ಗಿಯ ಕರೆ. ಅದೇ ತಾಲೂಕಿನಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ಪ್ರಾರ್ಥನಾ ಪತಾಕೆಗಳಲ್ಲಿ ನೀಲಿ, ಬಿಳಿ, ಕೆಂಪು, ಹಸಿರು, ಹಳದಿಗಳು ಕ್ರಮವಾಗಿ ಆಕಾಶ, ವಾಯು, ಅಗ್ನಿ, ಜಲ, ಭೂಮಿಗಳನ್ನು ಸೂಚಿಸುತ್ತವೆ.

ದೇಹಶ್ರಮವೂ ಹಾಗೆಯೇ. ಹಳಿಯಾಳದ ಜಟ್ಟಿಗೆ ಗರಡಿಯ ಕೆಮ್ಮಣ್ಣಿನ ಸಾಮು ಬಲಸಾಧನೆ. ಟಿಬೆಟನ್ ಭಕ್ತನಿಗೆ ದೀರ್ಘದಂಡ ನಮಸ್ಕಾರ ಆರಾಧನೆ. ಉಳುವವನಿಗೆ ದುಡಿಮೆಯೇ ಜೀವನ.

ಆದರೆ ಬಣ್ಣಕ್ಕೆ ಮನುಷ್ಯರು ತಪ್ಪು ಅರ್ಥವನ್ನೂ ಹಚ್ಚಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಗಳು ಕನ್ನಡ, ಕೊಂಕಣಿಗಳನ್ನಾಡುತ್ತ ಈ ಕಾಡುಗಳಲ್ಲೇ ಬಾಳಿದರೂ, ಮೈಬಣ್ಣವನ್ನು ನೋಡಿ ಅವರನ್ನು ಪರಕೀಯರೆಂದವರುಂಟು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ನೀಡಿತು. ಅವರಲ್ಲಿ ಹಲವರು ಓಟದಲ್ಲಿ ಪದಕಗಳನ್ನು ಗೆದ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಾಗ ಅವರ ಓಟವೂ ನಿಂತಿತು. ಗೆಲುವನ್ನು ತಂದುದು ಮೈಬಣ್ಣವಲ್ಲ. ಅಭ್ಯಾಸ ಮತ್ತು ಅವಕಾಶ.

ಬಣ್ಣ ಹುಟ್ಟಿನಿಂದ ಬರುವುದು, ಕಸುವು ಸಾಧನೆಯಿಂದ ಬರುವುದು. ಮನುಷ್ಯನನ್ನು ಯಾವುದರಿಂದ ಅಳೆಯಬೇಕೆಂಬುದನ್ನು ನಾವು ಮರೆಯಬಾರದು.