ಉತ್ತರಾಖಂಡದ ಹೆಂಪ್ ತಿಪಟೂರಲ್ಲಿ ಬರುತ್ತಾ?

‘ತೆಂಗಿನ ಸಾಲಲ್ಲಿ ಹೆಂಪ್ ಹಾಕಿದ್ರೆ ನಾರಿನ ದುಡ್ಡು ಬರುತ್ತಂತೆ, ಹೌದಾ?’ ಅಂತ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಕೇಳ್ತಿದ್ದೀರಿ. ಮೊದಲು ಗಿಡದ ಲೆಕ್ಕ ನೋಡೋಣ.

ಹೆಂಪ್ ಗಾಂಜಾ ಜಾತಿಯದೇ ಗಿಡ. ಅಮಲಿನ ಅಂಶ ಮಾತ್ರ ತೀರಾ ಕಡಿಮೆ. ಸಾಮಾನ್ಯವಾಗಿ ಹಗಲು ಚಿಕ್ಕದಾದಾಗ ಹೂಬಿಡುತ್ತೆ. ಜೂನ್‌ನಲ್ಲಿ ಉತ್ತರಾಖಂಡದಲ್ಲಿ ಹಗಲು ಸುಮಾರು 14 ಗಂಟೆ. ತಿಪಟೂರಲ್ಲಿ 13 ದಾಟಲ್ಲ. ಅಲ್ಲಿನ ಬೀಜ ಇಲ್ಲಿ ಹಾಕಿದ್ರೆ ಗಿಡ ಎತ್ತರ ಆಗೋ ಮೊದಲೇ ಹೂಬಿಡೋ ಸಾಧ್ಯತೆ ಹೆಚ್ಚು. ನಾರು ಬರೋದು ಕಾಂಡದಿಂದ. ಕಾಂಡವೇ ಗಿಡ್ಡ ಆದ್ರೆ ಇಳುವರಿ ಎಲ್ಲಿಂದ? ಬಿಸಿಲು ಬೇಡೋ ಗಿಡಕ್ಕೆ ತೆಂಗಿನ ನೆರಳು ಬೇರೆ.

ಇನ್ನು ಕಾನೂನು. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಡೋಕೆ ಶುರು ಮಾಡಿದ್ದು ನಾರು, ಬೀಜದ ಉದ್ಯಮಕ್ಕೆ. ಅನುಮತಿ ಇಲ್ಲದೆ ಬೆಳೆದ್ರೆ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ.

ಬೀಜ ಮಾರೋರು ಲೈಸೆನ್ಸ್ ತೋರಿಸಿದ್ರೆ ಅದು ಯಾವ ರಾಜ್ಯದ್ದು, ಯಾರ ಹೆಸರಲ್ಲಿದೆ ಅಂತ ಓದಿ. ನಿಮ್ಮ ಸರ್ವೆ ನಂಬರಿಗೆ ಅನುಮತಿ ಇಲ್ಲ ಅಂದ್ರೆ ಆ ಹಾಳೆ ನಿಮಗೆ ಉಪಯೋಗಕ್ಕೆ ಬರಲ್ಲ. ಪೊಲೀಸರು ಬಂದ್ರೆ ಕೇಳೋದು ಪಹಣಿಯಲ್ಲಿರೋ ಹೆಸರನ್ನ; ಬಹಳ ಮನೆಗಳಲ್ಲಿ ಅದು ಅಪ್ಪಂದೇ.